ದಾರಿ ತಪ್ಪಿದ ಧರ್ಮಯುದ್ಧ

ಇಟಲಿಯ ವೆನಿಸ್ ನಗರದಲ್ಲಿ ಸಂತ ಮಾರ್ಕನ ಹೆಸರಿನ ಭವ್ಯವಾದ ದೇವಾಲಯವಿದೆ. ಅದರ ಹೆಬ್ಬಾಗಿಲಿನ ಮೇಲಣ ಉಪ್ಪರಿಗೆಯಲ್ಲಿ ಮುಂಗಾಲೆತ್ತಿ ಹೆಜ್ಜೆಯಿಡುತ್ತಿರುವ ನಾಲ್ಕು ಕುದುರೆಗಳ ಪ್ರತಿಮೆಗಳು ನಿಂತಿವೆ. ಈಗ ಅಲ್ಲಿರುವುವು ಪ್ರತಿಕೃತಿಗಳು; ಗಾಳಿಮಳೆಗೆ ಸವೆಯಬಾರದೆಂದು ಮೂಲ ಪ್ರತಿಮೆಗಳನ್ನು ಒಳಗಿನ ಸಂಗ್ರಹಾಲಯಕ್ಕೆ ಸಾಗಿಸಿದ್ದಾರೆ. ಚಿನ್ನದ ಲೇಪವಿದ್ದ ಆ ಲೋಹದ ಕುದುರೆಗಳನ್ನು ನೋಡಿದವರು ವೆನಿಸ್ಸಿನ ಶಿಲ್ಪಿಗಳ ಕೈಚಳಕವನ್ನು ಮೆಚ್ಚಿಕೊಂಡರೆ ಆಶ್ಚರ್ಯವಿಲ್ಲ. ಆದರೆ ಅವು ವೆನಿಸ್ಸಿನವಲ್ಲ. ಕಾನ್‌ಸ್ಟಾಂಟಿನೋಪಲ್ ನಗರವನ್ನು ೧೨೦೪ರಲ್ಲಿ ಸೂರೆಗೈದಾಗ ಹಡಗೇರಿಸಿ ತಂದ ಕೊಳ್ಳೆಯ ವಸ್ತುಗಳು ಅವು. ಕೊಳ್ಳೆ ಹೊಡೆದವರೂ ಕ್ರೈಸ್ತರು, ಕೊಳ್ಳೆ ಹೋದವರೂ ಕ್ರೈಸ್ತರು. ಹೊಡೆದವರು ಮನೆ ಬಿಟ್ಟು ಹೊರಟದ್ದಾದರೋ ಜೆರೂಸಲೇಮಿನ ಉದ್ಧಾರಕ್ಕೆಂದು, ಹೆಗಲಿಗೆ ಬಟ್ಟೆಯ ಶಿಲುಬೆಯನ್ನು ಹೊಲಿದುಕೊಂಡು! ಜೆರೂಸಲೇಮಿಗೆಂದು ಹೊರಟ ದಂಡು ಕಾನ್‌ಸ್ಟಾಂಟಿನೋಪಲ್ಲಿನ ಗೋಡೆ ಹತ್ತಿದ್ದು ಹೇಗೆ? ಅದರಿಂದ ಯೂರೋಪಿನಲ್ಲಿ ಬಲಗೊಂಡವರು ಯಾರು, ಕುಗ್ಗಿದವರು ಯಾರು?

ಇದು ಅರ್ಥವಾಗಬೇಕಾದರೆ ನಾವು ಇನ್ನೂ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ಆಗಿನ ಕ್ರೈಸ್ತ ಜಗತ್ತು ಎರಡು ಹೋಳಾಗುತ್ತಲಿತ್ತು. ಪಡುವಣ ಯೂರೋಪಿನವರು ರೋಮಿನ ಪೋಪನನ್ನು ಪರಮಗುರುವೆಂದು ಒಪ್ಪಿ ಲ್ಯಾಟಿನ್ ಭಾಷೆಯಲ್ಲಿ ಪೂಜೆ ಸಲ್ಲಿಸುತ್ತಿದ್ದರು. ಮೂಡಣದವರ ಭಾಷೆ ಗ್ರೀಕ್. ಇಂದು ಇಸ್ತಾಂಬುಲ್ ಎಂಬ ಹೆಸರಿನಿಂದ ಕರೆಯಲ್ಪಡುವ ಕಾನ್‌ಸ್ಟಾಂಟಿನೋಪಲ್ ಅವರ ರಾಜಧಾನಿ. ಅಲ್ಲಿಯ ಚಕ್ರವರ್ತಿಯು ಪ್ರಾಚೀನ ರೋಮನ್ ಚಕ್ರವರ್ತಿಗಳ ನೇರ ವಾರಸುದಾರನೆಂದು ಹೇಳಿಕೊಳ್ಳುತ್ತಿದ್ದನು. ೧೦೫೪ರಲ್ಲಿ ಎರಡು ಪಂಗಡಗಳ ಮುಖಂಡರು ಒಬ್ಬರನ್ನೊಬ್ಬರು ಬಹಿಷ್ಕರಿಸಿದರು. ೧೦೭೧ರಲ್ಲಿ ತುರ್ಕರು ಮಂಜಿಕರ್ಟ್ ಎಂಬಲ್ಲಿ ಮೂಡಣ ಚಕ್ರವರ್ತಿಯನ್ನು ಸೋಲಿಸಿ ಏಷ್ಯಾ ಮೈನರಿನ ಒಳನಾಡಿಗೆ ನುಗ್ಗಿದರು. ಸಹಾಯಕ್ಕಾಗಿ ಬಂದ ಮೊರೆಯನ್ನು ಕೇಳಿ, ಪೋಪ್ ಎರಡನೆಯ ಅರ್ಬನ್ ೧೦೯೫ರಲ್ಲಿ ಫ್ರಾನ್ಸಿನ ಕ್ಲೆರ್ಮಾಂಟ್ ಎಂಬ ಊರಿನಲ್ಲಿ ಧರ್ಮಯುದ್ಧಕ್ಕೆ ಕರೆಕೊಟ್ಟನು. ೧೦೯೯ರ ಜುಲೈ ತಿಂಗಳಲ್ಲಿ ಯೋಧರು ಜೆರೂಸಲೇಮನ್ನು ಹಿಡಿದು, ಅಲ್ಲಿದ್ದ ಮುಸಲ್ಮಾನರನ್ನೂ ಯೆಹೂದ್ಯರನ್ನೂ ದಯೆಯಿಲ್ಲದೆ ಕೊಂದರು. ೧೧೮೭ರಲ್ಲಿ ಸುಲ್ತಾನ್ ಸಲಾದಿನ್ ಅದೇ ನಗರವನ್ನು ಮರಳಿ ಗೆದ್ದಾಗ ಅಂಥ ಕೊಲೆ ನಡೆಯಲಿಲ್ಲ. ಒತ್ತೆಹಣ ಕೊಟ್ಟವರನ್ನು ಹೋಗಗೊಟ್ಟನು. ಅನಂತರ ನಡೆದ ಮೂರನೆಯ ಧರ್ಮಯುದ್ಧದಲ್ಲಿ ಜರ್ಮನಿಯ ಚಕ್ರವರ್ತಿ ದಾರಿಯ ನದಿಯೊಂದರಲ್ಲಿ ಮುಳುಗಿ ಸತ್ತನು. ಫ್ರಾನ್ಸಿನ ಎರಡನೆಯ ಫಿಲಿಪ್ ಅರ್ಧದಲ್ಲೇ ಊರಿಗೆ ಮರಳಿದನು. ಇಂಗ್ಲೆಂಡಿನ ರಿಚರ್ಡ್ ಶೌರ್ಯವನ್ನು ಮೆರೆದರೂ ಜೆರೂಸಲೇಮನ್ನು ಪಡೆಯದೆ ೧೧೯೨ರಲ್ಲಿ ಒಪ್ಪಂದ ಮಾಡಿಕೊಂಡು ಹಿಂದಿರುಗಿದನು.

೧೧೯೮ರಲ್ಲಿ ಮೂರನೆಯ ಇನ್ನೊಸೆಂಟ್ ಪೋಪನಾದನು. ವಯಸ್ಸು ನಲವತ್ತು ತುಂಬಿರಲಿಲ್ಲ. ಸಂಕಲ್ಪ ಮಾತ್ರ ಉಕ್ಕಿನದು. ಪೀಠವೇರಿದ ವರ್ಷವೇ ಹೊಸ ಧರ್ಮಯುದ್ಧವನ್ನು ಸಾರಿದನು. ಮರುವರ್ಷ ಪಾದ್ರಿಗಳ ಆದಾಯದ ನಲವತ್ತರಲ್ಲೊಂದು ಪಾಲನ್ನು ಈ ಕಾರ್ಯಕ್ಕೆ ತೆರಿಗೆಯಾಗಿ ವಿಧಿಸಿದನು. ಆದರೆ ದೊರೆಗಳು ಅಲುಗಲಿಲ್ಲ. ಜರ್ಮನಿಯಲ್ಲಿ ಫಿಲಿಪ್ ಮತ್ತು ಆಟೊ ಎಂಬ ಇಬ್ಬರು ಒಂದೇ ಕಿರೀಟಕ್ಕೆ ಕಾದಾಡುತ್ತಿದ್ದರು. ಫ್ರಾನ್ಸ್ ಮತ್ತು ಇಂಗ್ಲೆಂಡುಗಳ ನಡುವೆ ಹಳೆಯ ದಾಯಾದಿ ಕಲಹವಿತ್ತು. ಇಂಗ್ಲೆಂಡಿನ ದೊರೆಗೆ ನಾರ್ಮಂಡಿ, ಅಂಜೂ ಮೊದಲಾದ ಫ್ರಾನ್ಸಿನ ಪ್ರಾಂತಗಳು ಪಿತ್ರಾರ್ಜಿತವಾಗಿ ಬಂದಿದ್ದವು. ಆ ಪ್ರಾಂತಗಳ ಮಟ್ಟಿಗೆ ಅವನು ಫ್ರಾನ್ಸಿನ ದೊರೆಯ ಸಾಮಂತ. ತನ್ನ ಸಾಮಂತನೇ ತನಗಿಂತ ದೊಡ್ಡ ನೆಲದೊಡೆಯನಾಗಿದ್ದರೆ ಯಾವ ದೊರೆಗೆ ನಿದ್ದೆ ಬಂದೀತು? ಆದುದರಿಂದ ಪೋಪನ ಕರೆಗೆ ಓಗೊಟ್ಟವರು ದೊರೆಗಳಲ್ಲ, ಅವರ ಕೈಕೆಳಗಿನ ಪ್ರಭುಗಳು: ಶಾಂಪೇನಿನ ತಿಬೊ, ಬ್ಲ್ವಾ ಪ್ರಾಂತದ ಲೂಯಿ, ಫ್ಲಾಂಡರ್ಸಿನ ಬಾಲ್ಡ್‌ವಿನ್. ಇವರಲ್ಲಿ ಲೂಯಿ ಮತ್ತು ಬಾಲ್ಡ್‌ವಿನ್ ಹಿಂದೆ ತಮ್ಮ ದೊರೆ ಫಿಲಿಪ್ಪನಿಗೆ ವಿರೋಧವಾಗಿ ರಿಚರ್ಡನೊಡನೆ ಕೈಜೋಡಿಸಿದವರು. ೧೧೯೯ರಲ್ಲಿ ರಿಚರ್ಡ್ ಸತ್ತನು. ಇವರು ಶಿಲುಬೆ ತೊಟ್ಟದ್ದು ಅದರ ಬೆನ್ನಿಗೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ನೆಲದ ದಾರಿ ದುರ್ಗಮವೆಂದು ಕಂಡಿದ್ದರಿಂದ ಪ್ರಭುಗಳು ಸಮುದ್ರದ ದಾರಿಯನ್ನು ಆರಿಸಿಕೊಂಡರು. ಹಡಗುಗಳಿದ್ದದ್ದು ವೆನಿಸ್ಸಿನಲ್ಲಿ. ಉಪ್ಪುನೀರಿನ ನಡುವೆ ಮರದ ಕಂಬಗಳನ್ನು ನೆಟ್ಟು ಕಟ್ಟಿದ ಆ ಊರಿಗೆ ಹೊಲಗದ್ದೆಗಳಿರಲಿಲ್ಲ. ವ್ಯಾಪಾರವೇ ಅದರ ಬೇಸಾಯ. ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸು ಅರಬ್ ಕಡಲಿನ ವರ್ತಕರ ಕೈದಾಟಿ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ಹೋಗುತ್ತಿತ್ತು. ಅಲ್ಲಿಂದ ಅದನ್ನು ಯೂರೋಪಿಗೆ ಹೊತ್ತವರಲ್ಲಿ ವೆನಿಸ್ಸಿನವರು ಪ್ರಮುಖರು. ಅಲ್ಲಿ ದೊರೆಯಿಲ್ಲ. ಸಿರಿವಂತ ಮನೆತನಗಳವರು ಚುನಾಯಿಸಿದ ಡೋಜ್ ಎಂಬ ಅಧ್ಯಕ್ಷನಿದ್ದನು. ಆಗಿನ ಡೋಜ್ ಎನ್ರಿಕೊ ದಾಂಡೊಲೊ ಮುಪ್ಪಿನಿಂದ ಹಣ್ಣಾಗಿದ್ದವನು, ಕಣ್ಣಿನ ದೃಷ್ಟಿ ಹೋಗಿದ್ದವನು. ಲೆಕ್ಕಾಚಾರದಲ್ಲಿ ಮಾತ್ರ ಅವನನ್ನು ಮೀರಿಸುವ ಕಣ್ಣುಳ್ಳವರು ಇರಲಿಲ್ಲ.

೧೨೦೧ರ ವಸಂತದಲ್ಲಿ ಆರು ಮಂದಿ ದೂತರು ಅವನೊಡನೆ ಕರಾರು ಮಾಡಿಕೊಂಡರು. ಅವರಲ್ಲಿ ಒಬ್ಬನಾದ ವಿಲ್‌ಅರ್ದುಆಂ ಎಂಬವನು ಮುಂದೆ ಈ ಯುದ್ಧದ ಚರಿತ್ರೆಯನ್ನು ಬರೆದನು. ೪,೫೦೦ ರಾವುತರು, ಅವರ ೪,೫೦೦ ಕುದುರೆಗಳು, ೯,೦೦೦ ಪರಿಚಾರಕ ಸವಾರರು, ೨೦,೦೦೦ ಕಾಲಾಳುಗಳು. ಇವರೆಲ್ಲರನ್ನೂ ಸಾಗಿಸಿ, ಒಂಬತ್ತು ತಿಂಗಳ ಆಹಾರ ಒದಗಿಸಬೇಕು. ಕುದುರೆಯೊಂದಕ್ಕೆ ನಾಲ್ಕು ಮಾರ್ಕ್, ಆಳೊಬ್ಬನಿಗೆ ಎರಡು ಮಾರ್ಕ್. ನೀವೇ ಕೂಡಿಸಿ ನೋಡಿ: ಒಟ್ಟು ೮೫,೦೦೦ ಮಾರ್ಕ್. ಒಂದು ಮಾರ್ಕ್ ಎಂದರೆ ಕಾಲು ಕಿಲೋಗ್ರಾಂಗಿಂತ ತುಸು ಕಡಮೆ ಬೆಳ್ಳಿ. ಹಾಗಾದರೆ ಕರಾರಿನ ಮೊತ್ತ ಸುಮಾರು ಇಪ್ಪತ್ತು ಟನ್ ಬೆಳ್ಳಿಯಾಯಿತು. ವೆನಿಸ್ ತನ್ನ ಖರ್ಚಿನಲ್ಲಿ ಐವತ್ತು ಯುದ್ಧನೌಕೆಗಳನ್ನು ಕಳುಹಿಸುವುದೆಂದೂ ಗೆದ್ದುದರಲ್ಲಿ ಅರ್ಧ ಪಾಲು ಅದಕ್ಕೆ ಸಲ್ಲುವುದೆಂದೂ ಮಾತಾಯಿತು.

ವೆನಿಸ್ಸಿನವರು ತಮ್ಮ ವ್ಯಾಪಾರದ ಬಹುಭಾಗವನ್ನು ಬದಿಗೊತ್ತಿ ಒಂದು ವರ್ಷ ಹಡಗು ಕಟ್ಟಿದರು. ೧೨೦೨ರ ಬೇಸಗೆಯಲ್ಲಿ ಹಡಗುಗಳು ಸಿದ್ಧವಾಗಿದ್ದವು, ಜನ ಬರಲಿಲ್ಲ. ಮುಂದಾಳು ತಿಬೊ ಸತ್ತುಹೋಗಿದ್ದನು. ಅವನ ಸ್ಥಾನಕ್ಕೆ ಇಟಲಿಯ ಬೊನಿಫೇಸ್ ಬಂದನು. ಹಲವರು ಬೇರೆ ಬೇರೆ ಬಂದರುಗಳಿಂದ ತಮ್ಮ ಪಾಡಿಗೆ ತಾವು ಹೊರಟರು. ವೆನಿಸ್ಸಿಗೆ ಬಂದವರು ನಿರೀಕ್ಷಿಸಿದವರ ಮೂರರಲ್ಲೊಂದು ಭಾಗ ಮಾತ್ರ. ಪ್ರಭುಗಳು ತಮ್ಮ ಬೆಳ್ಳಿಬಂಗಾರದ ಪಾತ್ರೆಗಳನ್ನು ತಂದು ಸುರಿದರೂ ಇನ್ನೂ ೩೪,೦೦೦ ಮಾರ್ಕ್ ಬಾಕಿ ಉಳಿಯಿತು.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಹುಡುಗನೊಬ್ಬ ಎದ್ದುನಿಂತು, “ಸಾಲ ತೀರದಿದ್ದರೆ ಮನೆಗೆ ಹೋಗಿಬಿಡಬಾರದಿತ್ತೆ, ಸಾರ್?” ಎಂದು ಕೇಳಿದ್ದುಂಟು. ಒಳ್ಳೆಯ ಪ್ರಶ್ನೆಯೇ. ಆದರೆ ದಂಡು ಬೀಡುಬಿಟ್ಟಿದ್ದದ್ದು ಊರಿಗೆ ಹೊರಗಾದ ಒಂದು ದ್ವೀಪದಲ್ಲಿ. ಅಲ್ಲಿಗೆ ಅನ್ನ, ನೀರು, ದೋಣಿ ಎಲ್ಲವೂ ವೆನಿಸ್ಸಿನಿಂದಲೇ ಬರಬೇಕು. ದೇವರ ಮುಂದೆ ತೊಟ್ಟ ಹರಕೆಯನ್ನು ಮುರಿದರೆ ಊರಿನಲ್ಲಿ ಮುಖವೆತ್ತುವಂತಿಲ್ಲ. ವೆನಿಸ್ಸಿನವರನ್ನೇ ದೂರುವುದೂ ನ್ಯಾಯವಲ್ಲ. ಇಲ್ಲದ ಸೈನ್ಯಕ್ಕೆ ಹಡಗು ಕಟ್ಟಲು ಹೇಳಿದವರು ದೂತರು. ಒಂದು ವರ್ಷದ ದುಡಿಮೆ ಮುಳುಗಿದರೆ ಆ ಊರೇ ಮುಳುಗುತ್ತಿತ್ತು.

ದಾಂಡೊಲೊ ಒಂದು ಉಪಾಯ ಸೂಚಿಸಿದನು. ಆಡ್ರಿಯಾಟಿಕ್ ಸಮುದ್ರದ ಆಚೆ ದಡದಲ್ಲಿ ಜಾರಾ ಎಂಬ ಬಂದರಿತ್ತು. ಅದು ವೆನಿಸ್ಸಿನ ಅಧಿಕಾರವನ್ನು ಕೊಡವಿ ಹಂಗೇರಿಯ ದೊರೆಯ ಆಶ್ರಯ ಪಡೆದಿತ್ತು. ಅದನ್ನು ಗೆದ್ದುಕೊಟ್ಟರೆ ಸಾಲದ ವಾಯಿದೆಯನ್ನು ಮುಂದೂಡುವುದಾಗಿ ಹೇಳಿದನು. ಆ ಹಂಗೇರಿಯ ದೊರೆ ತಾನೂ ಶಿಲುಬೆ ತೊಟ್ಟವನು! ಜಾರಾದ ಜನ ಕೋಟೆಗೋಡೆಯ ಮೇಲೆ ಶಿಲುಬೆಗಳನ್ನು ತೂಗುಹಾಕಿ, ತಾವೂ ಕ್ರೈಸ್ತರೇ ಎಂದು ತೋರಿಸಿದರು. ಪೋಪನ ನಿಷೇಧವೂ ಬಂದಿತ್ತು. ಸೀಮಾನ್ ದ ಮಾಂಟ್‌ಫರ್ಟ್ ಎಂಬ ಪ್ರಭುವು ಕ್ರೈಸ್ತರ ಮೇಲೆ ಕತ್ತಿಯೆತ್ತಲಾರೆನೆಂದು ಮುತ್ತಿಗೆಯಿಂದ ದೂರ ಸರಿದನು. ಉಳಿದವರು ೧೨೦೨ರ ನವೆಂಬರಿನಲ್ಲಿ ಊರನ್ನು ಹಿಡಿದರು. ಪೋಪ್ ಅವರನ್ನು ಧರ್ಮದಿಂದ ಬಹಿಷ್ಕರಿಸಿ, ಪಶ್ಚಾತ್ತಾಪಪಟ್ಟ ಪ್ರಭುಗಳನ್ನು ಬಳಿಕ ಕ್ಷಮಿಸಿದನು, ವೆನಿಸ್ಸಿನವರನ್ನು ಕ್ಷಮಿಸಲಿಲ್ಲ.

ಇಲ್ಲಿ ಇನ್ನೊಂದು ದಾಯಾದಿ ಕಲಹ ಬಂದು ಸೇರಿತು. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಮೂರನೆಯ ಅಲೆಕ್ಸಿಯಸ್ ಎಂಬವನು ೧೧೯೫ರಲ್ಲಿ ತನ್ನ ತಮ್ಮನಾದ ಚಕ್ರವರ್ತಿ ಐಸಾಕನ ಕಣ್ಣು ಕೀಳಿಸಿ, ಸೆರೆಗೆ ನೂಕಿ, ಸಿಂಹಾಸನವೇರಿದ್ದನು. ಐಸಾಕನ ಮಗ, ಅವನ ಹೆಸರೂ ಅಲೆಕ್ಸಿಯಸ್, ದೊಡ್ಡಪ್ಪನ ಕೈಯಿಂದ ತಪ್ಪಿಸಿಕೊಂಡು ಜರ್ಮನಿಗೆ ಓಡಿಬಂದನು. ಅಲ್ಲಿ ಕಿರೀಟಕ್ಕಾಗಿ ಕಾದಾಡುತ್ತಿದ್ದ ಫಿಲಿಪ್ ಅವನ ಅಕ್ಕನ ಗಂಡ. ಆ ಭಾವನ ದೂತರು ಜಾರಾದ ಬೀಡಿಗೆ ಬಂದು ರಾಜಕುಮಾರನ ಮಾತನ್ನು ತಿಳಿಸಿದರು. ತನ್ನ ತಂದೆಯ ರಾಜ್ಯವನ್ನು ಮರಳಿ ಕೊಡಿಸಿದರೆ ಎರಡು ಲಕ್ಷ ಮಾರ್ಕ್ ಕೊಡುವನಂತೆ. ಧರ್ಮಯುದ್ಧಕ್ಕೆ ಹತ್ತು ಸಾವಿರ ಸೈನಿಕರನ್ನು ಕಳುಹಿಸುವನಂತೆ. ಗ್ರೀಕ್ ಧರ್ಮಪೀಠವನ್ನು ರೋಮಿಗೆ ಅಧೀನಗೊಳಿಸುವನಂತೆ. ಸಾಲದಲ್ಲಿ ಮುಳುಗಿದವರ ಕಿವಿಗೆ ಇದಕ್ಕಿಂತ ಇಂಪಾದ ಮಾತು ಯಾವುದಿದ್ದೀತು? ಮೂವತ್ತು ಸಾವಿರ ಚಿಲ್ಲರೆ ಮಾರ್ಕಿನ ಸಾಲಗಾರರು ಎರಡು ಲಕ್ಷದ ಆಸೆಗೆ ಒಪ್ಪಿದರು. ಮಾತು ಕೊಟ್ಟವನ ಬಳಿ ಬಿಡಿಗಾಸೂ ಇಲ್ಲವೆಂಬುದನ್ನು ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

೧೨೦೩ರ ಜೂನ್ ತಿಂಗಳಲ್ಲಿ ಹಡಗುಗಳು ಕಾನ್‌ಸ್ಟಾಂಟಿನೋಪಲ್ಲನ್ನು ಸಮೀಪಿಸಿದವು. ಅಷ್ಟು ದೊಡ್ಡ ನಗರ ಭೂಮಿಯ ಮೇಲೆ ಇದ್ದೀತೆಂದು ಅದುವರೆಗೆ ಯಾರೂ ಊಹಿಸಿರಲಿಲ್ಲವೆಂದು ವಿಲ್‌ಅರ್ದುಆಂ ಬರೆದಿದ್ದಾನೆ. ರಾಜಕುಮಾರನನ್ನು ಹಡಗಿನ ಮೇಲೆ ನಿಲ್ಲಿಸಿ ಗೋಡೆಯ ಮೇಲಿದ್ದ ಜನಕ್ಕೆ ತೋರಿಸಿದರು. ಸ್ವಾಗತದ ಒಂದು ದನಿಯೂ ಏಳಲಿಲ್ಲ. ನಗರದ ಬಂದರಿನ ಬಾಯಿಗೆ ಅಡ್ಡಲಾಗಿ ದೊಡ್ಡ ಕಬ್ಬಿಣದ ಸರಪಳಿಯನ್ನು ಕಟ್ಟಿದ್ದರು. ಅದನ್ನು ಮುರಿದು ಹಡಗುಗಳು ಒಳನುಗ್ಗಿದವು. ಎದುರಿಸಲು ನೌಕಾಬಲವಾದರೂ ಎಲ್ಲಿತ್ತು? ನೌಕಾಧಿಪತಿಯೇ ಹಡಗಿನ ಹಾಯಿ, ಲಂಗರುಗಳನ್ನು ಮಾರಿಕೊಂಡನೆಂದು ಅಲ್ಲಿಯ ಗ್ರೀಕ್ ಇತಿಹಾಸಕಾರ ನಿಕೇತಾಸ್ ದೂರುತ್ತಾನೆ. ಜುಲೈ ೧೭ರಂದು ಕುರುಡ ದಾಂಡೊಲೊ ಕವಚ ತೊಟ್ಟು, ಸಂತ ಮಾರ್ಕನ ಬಾವುಟವನ್ನು ಮುಂದಿಟ್ಟುಕೊಂಡು, ಹಡಗಿನ ಮೂತಿಯಲ್ಲಿ ನಿಂತು ದಡ ಮುಟ್ಟಿಸಿದನು. ಅಂದಿನ ರಾತ್ರಿ ದೊಡ್ಡಪ್ಪ ಅಲೆಕ್ಸಿಯಸ್ ಪರಾರಿಯಾದನು. ಐಸಾಕ್ ಸೆರೆಯಿಂದ ಹೊರಬಂದನು, ಮಗನಿಗೂ ಪಟ್ಟವಾಯಿತು.

ಪಟ್ಟವೇನೋ ಆಯಿತು, ಬೊಕ್ಕಸದಲ್ಲಿ ಹಣವಿರಲಿಲ್ಲ. ದೇವಾಲಯಗಳ ಪಾತ್ರೆಪದಾರ್ಥಗಳನ್ನು ಕರಗಿಸಿ ಅವನು ಅರ್ಧದಷ್ಟನ್ನು ತೆತ್ತನು. ಜನ ರೊಚ್ಚಿಗೆದ್ದರು. ಲ್ಯಾಟಿನರಿಗೂ ಗ್ರೀಕರಿಗೂ ಮೊದಲೇ ಆಗುತ್ತಿರಲಿಲ್ಲ. ೧೧೮೨ರಲ್ಲಿ ಇದೇ ನಗರದ ಜನ ಅಲ್ಲಿ ನೆಲಸಿದ್ದ ಇಟಲಿಯ ವರ್ತಕರನ್ನು ಹೆಂಗಸರು ಮಕ್ಕಳೆನ್ನದೆ ಕೊಂದಿದ್ದರು. ಈಗ ಲ್ಯಾಟಿನರು ಹಚ್ಚಿದ ಬೆಂಕಿಯಲ್ಲಿ ಊರಿನ ದೊಡ್ಡ ಭಾಗ ಬೂದಿಯಾಯಿತು. ೧೨೦೪ರ ಆರಂಭದಲ್ಲಿ ಆಸ್ಥಾನದವನೊಬ್ಬ ಯುವಕ ಅಲೆಕ್ಸಿಯಸ್ಸನನ್ನು ಕತ್ತು ಹಿಸುಕಿಸಿ ಕೊಂದು ಗದ್ದುಗೆಯೇರಿದನು. ಸಾಲ ಕೊಡಬೇಕಾದವನೇ ಇಲ್ಲವಾದನು. ಆಗ ದಂಡಿನ ಮುಖಂಡರು ಇಡೀ ಸಾಮ್ರಾಜ್ಯವನ್ನೇ ಹಂಚಿಕೊಳ್ಳುವ ಪತ್ರ ಬರೆದರು. ಗೆಲ್ಲುವ ಮೊದಲೇ ಪಾಲುಪಟ್ಟಿ!

ಏಪ್ರಿಲ್ ೧೨ರಂದು ಗೋಡೆ ಒಡೆಯಿತು. ೩೩೦ರಲ್ಲಿ ಸ್ಥಾಪನೆಯಾದಂದಿನಿಂದ ಹೊರನಾಡಿನ ಯಾವ ಶತ್ರುವಿಗೂ ದಕ್ಕದಿದ್ದ ನಗರ ಮೂರು ದಿನ ಸೂರೆಹೋಯಿತು. ಸಂತ ಸೋಫಿಯಾ ಮಹಾದೇವಾಲಯದ ವೇದಿಕೆಯನ್ನು ಒಡೆದು ಹಂಚಿಕೊಂಡರು. ಬೆಳ್ಳಿಬಂಗಾರ ಹೊರಿಸಲು ಹೇಸರಗತ್ತೆಗಳನ್ನು ಗರ್ಭಾಂಗಣಕ್ಕೇ ಹೊಡೆದುಕೊಂಡು ಬಂದರು. ಹಳೆಯ ಕಂಚಿನ ಪ್ರತಿಮೆಗಳು ನಾಣ್ಯವಾಗಲು ಮೂಸೆಗೆ ಬಿದ್ದವು. ಇದನ್ನೆಲ್ಲ ಕಣ್ಣಾರೆ ಕಂಡು ಬರೆದವನು ನಿಕೇತಾಸ್. ಆತ ಆ ರಾಜ್ಯದ ಉನ್ನತಾಧಿಕಾರಿ. ಅವನ ಮನೆ ಹಿಂದಿನ ಬೆಂಕಿಯಲ್ಲಿಯೇ ಸುಟ್ಟುಹೋಗಿತ್ತು. ಈ ಮೂರು ದಿನ ಅವನ ಸಂಸಾರವನ್ನು ಉಳಿಸಿದವನು ಯಾರು ಗೊತ್ತೆ? ವೆನಿಸ್ಸಿನವನೇ ಆದ ಒಬ್ಬ ವರ್ತಕ. ಅವನು ಹಿಂದೆ ನಿಕೇತಾಸನ ಆಶ್ರಯ ಪಡೆದಿದ್ದವನು. ಸೈನಿಕನ ವೇಷ ಹಾಕಿಕೊಂಡು ಬಾಗಿಲಲ್ಲಿ ನಿಂತು, “ಈ ಮನೆ ನನ್ನ ಪಾಲಿನದು” ಎಂದು ಹೇಳಿ ಕೊಳ್ಳೆಗಾರರನ್ನು ಹಿಂದಟ್ಟುತ್ತಿದ್ದನು. ಅದೂ ಸಾಗದಾದಾಗ ಬಸುರಿ ಹೆಂಡತಿ, ಎಳೆಯ ಮಕ್ಕಳೊಡನೆ ನಿಕೇತಾಸ್ ಕಾಲುನಡಿಗೆಯಲ್ಲಿ ಊರು ಬಿಟ್ಟನು. ಈ ಯುದ್ಧದ ಬಗೆಗೆ ನಾನು ಓದಿರುವ ಪುಟಗಳಲ್ಲಿ ಆ ವರ್ತಕನಷ್ಟು ನನ್ನ ಮನಸ್ಸಿನಲ್ಲಿ ನಿಂತವರು ಬೇರೆ ಯಾರೂ ಇಲ್ಲ.

ಪಾಲುಪಟ್ಟಿಯ ಪ್ರಕಾರ ನಾಲ್ಕರಲ್ಲೊಂದು ಭಾಗ ಹೊಸ ಚಕ್ರವರ್ತಿಗೆ. ಉಳಿದುದರಲ್ಲಿ ಅರ್ಧ ವೆನಿಸ್ಸಿಗೆ, ಅರ್ಧ ಪ್ರಭುಗಳಿಗೆ. ಹೀಗೆ ಸಾಮ್ರಾಜ್ಯದ ಎಂಟರಲ್ಲಿ ಮೂರು ಪಾಲು ವೆನಿಸ್ಸಿಗೆ ಬಂತು. “ರೋಮನ್ ಸಾಮ್ರಾಜ್ಯದ ಕಾಲು ಮತ್ತು ಅರೆಕಾಲು ಭಾಗದ ಒಡೆಯ” ಎಂಬ ಬಿರುದನ್ನೇ ಡೋಜ್ ಧರಿಸಿದನು. ನೆಲವನ್ನು ಆಳುವ ಹುಚ್ಚು ವೆನಿಸ್ಸಿಗಿರಲಿಲ್ಲ. ಅದು ಆರಿಸಿಕೊಂಡದ್ದು ಬಂದರುಗಳನ್ನು, ದ್ವೀಪಗಳನ್ನು. ಬೊನಿಫೇಸನ ಪಾಲಿಗೆ ಸಲ್ಲಬೇಕಾಗಿದ್ದ ಕ್ರೀಟ್ ದ್ವೀಪದ ಹಕ್ಕನ್ನು ಸಾವಿರ ಮಾರ್ಕಿಗೆ ಕೊಂಡುಕೊಂಡಿತು. ಆ ದ್ವೀಪದ ರಾಜಧಾನಿ ಅದರ ಕೈಬಿಟ್ಟದ್ದು ೧೬೬೯ರಲ್ಲಿ. ಫ್ಲಾಂಡರ್ಸಿನ ಬಾಲ್ಡ್‌ವಿನ್ನನಿಗೆ ಚಕ್ರವರ್ತಿಯ ಕಿರೀಟ ದೊರೆಯಿತು. ವರ್ಷ ತುಂಬುವುದರೊಳಗೆ, ೧೨೦೫ರ ಏಪ್ರಿಲಿನಲ್ಲಿ, ಏಡ್ರಿಯಾನೋಪಲ್ಲಿನ ಬಳಿ ಬಲ್ಗೇರಿಯದ ದೊರೆ ಅವನನ್ನು ಸೆರೆಹಿಡಿದನು. ಅವನು ಮರಳಿ ಬರಲಿಲ್ಲ. ಲೂಯಿ ಅದೇ ಕಾಳಗದಲ್ಲಿ ಮಡಿದನು. ಜೆರೂಸಲೇಮಿನ ಮಾತನ್ನು ಎಲ್ಲರೂ ಮರೆತರು.

ಈಗ ಫ್ರಾನ್ಸಿನತ್ತ ತಿರುಗಿ ನೋಡೋಣ. ಪ್ರಭುಗಳು ಮೂಡಣದಲ್ಲಿದ್ದಾಗ ದೊರೆ ಫಿಲಿಪ್ ಸುಮ್ಮನೆ ಕುಳಿತಿರಲಿಲ್ಲ. ರಿಚರ್ಡನ ತಮ್ಮ ಜಾನ್ ಇಂಗ್ಲೆಂಡಿನ ದೊರೆಯಾಗಿದ್ದನು. ಬೇರೊಬ್ಬ ಪ್ರಭುವಿಗೆ ನಿಶ್ಚಯವಾಗಿದ್ದ ಕನ್ಯೆಯನ್ನು ತಾನು ಮದುವೆಯಾಗಿ, ಆ ಮನೆತನದ ದೂರಿಗೆ ಗುರಿಯಾದನು. ಸಾಮಂತನೆಂಬ ಕಾರಣದಿಂದ ಫಿಲಿಪ್ ಅವನನ್ನು ವಿಚಾರಣೆಗೆ ಕರೆದನು, ಜಾನ್ ಹೋಗಲಿಲ್ಲ. ೧೨೦೨ರಲ್ಲಿ ಫಿಲಿಪ್ ಅವನ ಫ್ರಾನ್ಸಿನ ಪ್ರಾಂತಗಳನ್ನು ಮುಟ್ಟುಗೋಲು ಹಾಕಿದನು. ಜಾನನ ಅಣ್ಣನ ಮಗ ಆರ್ಥರ್ ಸೆರೆಯಲ್ಲಿ ಕಣ್ಮರೆಯಾದಾಗ, ಚಿಕ್ಕಪ್ಪನೇ ಕೊಲ್ಲಿಸಿದನೆಂಬ ಮಾತು ಹರಡಿ ಇದ್ದಬದ್ದ ಮಿತ್ರರೂ ದೂರವಾದರು. ಫಿಲಿಪ್ಪನನ್ನು ಬೆನ್ನ ಹಿಂದಿನಿಂದ ತಡೆಯಬಹುದಾಗಿದ್ದ ಫ್ಲಾಂಡರ್ಸಿನ ಬಾಲ್ಡ್‌ವಿನ್, ಬ್ಲ್ವಾದ ಲೂಯಿ ಎಲ್ಲಿದ್ದರು? ಕಾನ್‌ಸ್ಟಾಂಟಿನೋಪಲ್ಲಿನ ಗೋಡೆಯ ಕೆಳಗೆ! ೧೨೦೪ರ ಜೂನ್‌ನಲ್ಲಿ ರುವಾನ್ ನಗರ ಶರಣಾಗಿ ನಾರ್ಮಂಡಿ ಫ್ರಾನ್ಸಿಗೆ ಸೇರಿತು. ಕಾನ್‌ಸ್ಟಾಂಟಿನೋಪಲ್ ಬಿದ್ದು ಇನ್ನೂ ಮೂರು ತಿಂಗಳಾಗಿರಲಿಲ್ಲ.

ಬಾಲ್ಡ್‌ವಿನ್ ಊರಿನಲ್ಲಿ ಬಿಟ್ಟುಹೋಗಿದ್ದದ್ದು ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು. ತಬ್ಬಲಿಗಳಾದ ಅವರು ಫಿಲಿಪ್ಪನ ಪೋಷಣೆಗೆ ಬಂದರು. ಹಿರಿಯಳ ಗಂಡ ಫೆರಾಂಡ್ ಮುಂದೆ ಜಾನನ ಪಕ್ಷ ಸೇರಿ, ೧೨೧೪ರ ಜುಲೈ ೨೭ರಂದು ಬುವೀನ್ ಕಾಳಗದಲ್ಲಿ ಫಿಲಿಪ್ಪನಿಗೆ ಸೆರೆಸಿಕ್ಕನು. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಕೊಳೆತನು. ಅದೇ ಕಾಳಗದಲ್ಲಿ ಸೋತ ಆಟೊ ಜರ್ಮನಿಯ ಕಿರೀಟವನ್ನು ಕಳೆದುಕೊಂಡನು. ಅಲ್ಲಿ ಸೋತ ಪಕ್ಷಕ್ಕೆಲ್ಲ ಹಣ ಸುರಿದಿದ್ದ ಜಾನ್ ಬರಿಗೈಯಲ್ಲಿ ಇಂಗ್ಲೆಂಡಿಗೆ ಮರಳಿದಾಗ, ತೆರಿಗೆ ತೆತ್ತು ಬೇಸತ್ತ ಪ್ರಭುಗಳು ತಿರುಗಿಬಿದ್ದು ೧೨೧೫ರಲ್ಲಿ ಅವನಿಂದ ಮಹಾಸನ್ನದಿಗೆ ಒಪ್ಪಿಗೆ ಪಡೆದರು. ಆ ಸನ್ನದನ್ನು ನಿಮ್ಮ ಚರಿತ್ರೆಯ ಪುಸ್ತಕದಲ್ಲಿ ಓದಿರುತ್ತೀರಿ. ಹೀಗೆ ಮನೆಯಲ್ಲೇ ಉಳಿದ ಫಿಲಿಪ್ ಯೂರೋಪಿನ ಅತ್ಯಂತ ಬಲಿಷ್ಠ ದೊರೆಗಳಲ್ಲಿ ಒಬ್ಬನಾದನು.

ಪೋಪ್ ಇನ್ನೊಸೆಂಟನಿಗೆ ದೊರೆತದ್ದೇನು? ಎರಡು ಧರ್ಮಪೀಠಗಳು ಒಂದಾದವೆಂದು ಮೊದಲು ಹಿಗ್ಗಿದನು. ಸೂರೆಯ ವಿವರಗಳು ತಿಳಿದ ಮೇಲೆ ಕಟುವಾಗಿ ಖಂಡಿಸಿ ಪತ್ರ ಬರೆದನು. ಗ್ರೀಕರ ಮನಸ್ಸು ಒಡೆದದ್ದು ಒಡೆದೇ ಹೋಯಿತು. ಸುಮಾರು ಎಂಟುನೂರು ವರ್ಷಗಳ ಮೇಲೆ, ೨೦೦೧ರಲ್ಲಿ, ಪೋಪ್ ಎರಡನೆಯ ಜಾನ್ ಪಾಲ್ ಅಥೆನ್ಸ್ ನಗರಕ್ಕೆ ಹೋದಾಗ ಈ ಸೂರೆಗಾಗಿ ವಿಷಾದ ಸೂಚಿಸಬೇಕಾಯಿತು. ಆದರೆ ಧರ್ಮಯುದ್ಧವೆಂಬ ಆಯುಧವನ್ನು ಕ್ರೈಸ್ತರ ಮೇಲೆ ತಿರುಗಿಸಲು ಇನ್ನೊಸೆಂಟನೇ ಹಿಂಜರಿಯಲಿಲ್ಲ. ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಭಿನ್ನಮತೀಯರು ಹೆಚ್ಚಿದರೆಂದು ಅವರ ಮೇಲೆ ೧೨೦೯ರಲ್ಲಿ ದಂಡು ಹೊರಟಿತು. ಅದರ ನಾಯಕನಾದವನು, ಜಾರಾದಲ್ಲಿ ಕ್ರೈಸ್ತರ ಮೇಲೆ ಕತ್ತಿಯೆತ್ತಲಾರೆನೆಂದಿದ್ದ ಅದೇ ಸೀಮಾನ್ ದ ಮಾಂಟ್‌ಫರ್ಟ್. ಆ ಯುದ್ಧದ ಫಲವೂ ಕೊನೆಗೆ ಸೇರಿದ್ದು ಫ್ರಾನ್ಸಿನ ದೊರೆಗಳ ಉಡಿಗೇ. ೧೨೭೧ರಲ್ಲಿ ತುಲೂಸ್ ಪ್ರಾಂತ ಅವರ ವಶವಾಯಿತು.

ಕಾನ್‌ಸ್ಟಾಂಟಿನೋಪಲ್ಲಿನ ಲ್ಯಾಟಿನ್ ರಾಜ್ಯ ಐವತ್ತೇಳು ವರ್ಷ ಕುಂಟಿಕೊಂಡು ನಡೆಯಿತು. ೧೨೬೧ರಲ್ಲಿ ಗ್ರೀಕರು ನಗರವನ್ನು ಮರಳಿ ಪಡೆದರು. ಆದರೆ ಅವರಿಗೆ ದೊರೆತದ್ದು ಪಾಳುಬಿದ್ದ ಊರು, ಬರಿದಾದ ಬೊಕ್ಕಸ, ಅನ್ಯರ ಕೈಸೇರಿದ ದ್ವೀಪಗಳು. ಮೂಡಣದಿಂದ ಬರುವ ಒತ್ತಡವನ್ನು ಶತಮಾನಗಳ ಕಾಲ ತಡೆದುನಿಂತಿದ್ದ ಸಾಮ್ರಾಜ್ಯ ಮತ್ತೆ ಚೇತರಿಸಿಕೊಳ್ಳಲಿಲ್ಲ. ಆಟೊಮನ್ ತುರ್ಕರು ೧೩೫೪ರಲ್ಲಿ ಗ್ಯಾಲಿಪೊಲಿಯನ್ನು ಹಿಡಿದು ಯೂರೋಪಿನಲ್ಲಿ ನೆಲೆಯೂರಿದರು. ೧೪೫೩ರಲ್ಲಿ ಸುಲ್ತಾನ್ ಎರಡನೆಯ ಮಹಮ್ಮದ್ ಫಿರಂಗಿಗಳೊಡನೆ ನಗರಕ್ಕೆ ಮುತ್ತಿಗೆ ಹಾಕಿದಾಗ, ಮೈಲುಗಟ್ಟಲೆ ಉದ್ದದ ಆ ಕೋಟೆಯನ್ನು ಕಾಯಲು ಇದ್ದವರು ಸುಮಾರು ಏಳು ಸಾವಿರ ಜನ. ಆ ಏಳು ಸಾವಿರದಲ್ಲಿ ವೆನಿಸ್ಸಿನವರೂ ಇದ್ದರು. ೧೨೦೪ರಲ್ಲಿ ತಮ್ಮ ಹಿರಿಯರು ಹತ್ತಿದ್ದ ಗೋಡೆಯ ಮೇಲೆ ಗ್ರೀಕರ ಪಕ್ಕದಲ್ಲಿ ನಿಂತು, ಮೇ ೨೯ರಂದು ನಗರ ಬೀಳುವವರೆಗೂ ಅವರು ಕಾದಿದರು.